ತೈಪೆ 101

ತೈವಾನಿನ ರಾಜಧಾನಿ ತೈಪೆಯ ಶಿನ್‌ಯಿ ಪ್ರದೇಶದಲ್ಲಿರುವ ಗಗನಚುಂಬಿ ಕಚೇರಿ ಕಟ್ಟಡ. ನೆಲದ ಮೇಲೆ 101 ಅಂತಸ್ತು, ನೆಲದಡಿಯಲ್ಲಿ 5; ಶಿಖರದ ತುದಿಯವರೆಗಿನ ಎತ್ತರ 508 ಮೀಟರ್. ವಾಸ್ತುಶಿಲ್ಪಿ ಸಿ. ವೈ. ಲೀ. 2004ರ ಡಿಸೆಂಬರ್ 31ರಂದು ಉದ್ಘಾಟನೆಯಾದಾಗ ಇದು ಕ್ವಾಲಾಲಂಪುರದ 452 ಮೀಟರ್ ಎತ್ತರದ ಪೆಟ್ರೊನಾಸ್ ಜೋಡಿ ಗೋಪುರಗಳನ್ನು ಹಿಂದಿಕ್ಕಿ ಜಗತ್ತಿನ ಅತಿ ಎತ್ತರದ ಕಟ್ಟಡ ಎನಿಸಿತು. ಅರ್ಧ ಕಿಲೋಮೀಟರ್ ಮೀರಿ ಎದ್ದ ಮೊದಲ ಕಟ್ಟಡವೂ ಇದೇ. ಅತಿ ಎತ್ತರದ ಕಟ್ಟಡವೆಂಬ ಪಟ್ಟ ಐದು ವರ್ಷವಷ್ಟೇ ಉಳಿಯಿತು. 2010ರ ಜನವರಿಯಲ್ಲಿ 828 ಮೀಟರಿನ ಬುರ್ಜ್ ಖಲೀಫಾ ದುಬೈನಲ್ಲಿ ತೆರೆಯಿತು. ಆಮೇಲೆ ಚೀನಾದಲ್ಲೇ ಇದಕ್ಕಿಂತ ಎತ್ತರದವು ಸಾಲಾಗಿ ಎದ್ದಿವೆ. ಆದರೂ ತೈಪೆ 101ರ ಹೆಸರು ಮಾಸಿಲ್ಲ. ಎತ್ತರದ ಕಟ್ಟಡಕ್ಕೆ ಯಾವ ನೆಲ, ಯಾವ ಗಾಳಿ ಬೇಡವೋ ಅವೆರಡರ ನಡುವೆಯೇ ಇದು ನಿಂತಿದೆ. ಹೇಗೆ ನಿಂತಿದೆ ಎಂಬುದನ್ನು ಮುಚ್ಚಿಡದೆ, ಟಿಕೆಟ್ ಕೊಂಡು ಬಂದವರಿಗೆಲ್ಲ ತೋರಿಸುತ್ತದೆ. ಇದರ ಖ್ಯಾತಿ ಬಹುಪಾಲು ಅಲ್ಲಿಂದ ಬಂದದ್ದು.

ಶಿನ್‌ಯಿ

ತೈಪೆಯ ಹಳೆಯ ಪೇಟೆ ಊರಿನ ಪಶ್ಚಿಮಕ್ಕೆ, ನದಿಯ ಕಡೆಗಿದೆ. ಪೂರ್ವದ ಶಿನ್‌ಯಿಗೆ ಪೇಟೆಯ ಕಳೆ ಬಂದದ್ದು ತೀರ ಇತ್ತೀಚೆಗೆ. ಎರಡನೆಯ ಮಹಾಯುದ್ಧದ ನಂತರ ಇಲ್ಲಿದ್ದದ್ದು ಮುಖ್ಯವಾಗಿ ಸೈನ್ಯದ ಜಾಗ. ಚೀನಾದ ಅಂತರ್ಯುದ್ಧದಲ್ಲಿ ಸೋಲುತ್ತಿದ್ದ ರಾಷ್ಟ್ರೀಯವಾದಿ ಸರ್ಕಾರ ತನ್ನ 44ನೆಯ ಶಸ್ತ್ರಾಸ್ತ್ರ ಕಾರ್ಖಾನೆಯನ್ನು ಚಿಂಗ್‌ಡಾವೊ ನಗರದಿಂದ ಇಲ್ಲಿಗೆ ಸಾಗಿಸಿದಾಗ ಜೊತೆಗೆ ಬಂದ ಕೆಲಸಗಾರರ ಕುಟುಂಬಗಳಿಗೆ ಒತ್ತೊತ್ತಾಗಿ ತಗ್ಗು ಮನೆಗಳ ಸಾಲು ಕಟ್ಟಿಕೊಡಲಾಯಿತು. ಆ ವಸತಿಯ ನಾಲ್ಕು ಸಾಲುಗಳನ್ನು ಕೆಡವದೆ ಉಳಿಸಿಕೊಂಡಿದ್ದಾರೆ. ಗೋಪುರದ ಚಿತ್ರ ತೆಗೆಯುವವರಿಗೆ ಅದು ಅಚ್ಚುಮೆಚ್ಚಿನ ಜಾಗ. ಮುಂದೆ ಗಿಡ್ಡ ಮನೆ, ಹಿಂದೆ ಗೋಪುರದ ಹಸಿರು ಗಾಜು.

1970ರ ದಶಕದ ಕೊನೆಯಿಂದ ನಗರಾಡಳಿತ ಈ ಭಾಗವನ್ನು ಹೊಸ ನಗರಕೇಂದ್ರವಾಗಿ ಯೋಜಿಸಿತು. 1980ರ ದಶಕದಲ್ಲಿ ವಿಶ್ವ ವ್ಯಾಪಾರ ಕೇಂದ್ರದ ಪ್ರದರ್ಶನ ಸಭಾಂಗಣ ಬಂತು, 1994ರಲ್ಲಿ ನಗರಸಭೆಯ ಕಚೇರಿಗಳು ಬಂದವು. ಅವುಗಳ ಬೆನ್ನಿಗೇ ಅಂಗಡಿಗಳು ಬಂದವು. ಶಿನ್ ಕೋಂಗ್ ಮಿತ್ಸುಕೋಶಿ ಎಂಬ ಸಂಸ್ಥೆಯೊಂದೇ ಇಲ್ಲಿ ಅಕ್ಕಪಕ್ಕ ಹಲವು ಡಿಪಾರ್ಟ್‌ಮೆಂಟ್ ಸ್ಟೋರುಗಳನ್ನು ತೆರೆಯಿತು. ಸಿನಿಮಾ ಸಂಕೀರ್ಣ, ದೊಡ್ಡ ಪುಸ್ತಕದಂಗಡಿ, ಹೋಟೆಲುಗಳು ಸೇರಿಕೊಂಡವು. ಈಗ ಮಳೆಗಾಲದಲ್ಲೂ ಕೊಡೆ ಬಿಚ್ಚದೆ ಒಂದು ಮಳಿಗೆಯಿಂದ ಇನ್ನೊಂದಕ್ಕೆ ಹೋಗಲು ರಸ್ತೆಯ ಮೇಲೆ ಹಾದುಹೋಗುವ ಪಾದಚಾರಿ ಸೇತುವೆಗಳಿವೆ. 2013ರ ನವೆಂಬರಿನಲ್ಲಿ ಶಿನ್‌ಯಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಗೋಪುರದ ಬುಡದಲ್ಲೇ ನಿಲ್ದಾಣವೂ ಆಯಿತು. ಅದಕ್ಕೆ ಮೊದಲು ಒಂಬತ್ತು ವರ್ಷ ತೈವಾನಿನ ಅತಿ ಪ್ರಸಿದ್ಧ ಕಟ್ಟಡಕ್ಕೆ ಹೋಗಲು ನಗರಸಭೆಯ ನಿಲ್ದಾಣದಲ್ಲಿಳಿದು ನಡೆಯಬೇಕಿತ್ತು.

ಯೋಜನೆ ಬೆಳೆದ ಬಗೆ

ತೈವಾನನ್ನು ಏಷ್ಯಾ-ಪೆಸಿಫಿಕ್ ವಲಯದ ಹಣಕಾಸು ಕೇಂದ್ರವಾಗಿಸಬೇಕೆಂಬ 1990ರ ದಶಕದ ಸರ್ಕಾರಿ ಹಂಬಲದಿಂದ ಹುಟ್ಟಿದ ಯೋಜನೆ ಇದು. ಆಗ ಮೇಯರ್ ಆಗಿದ್ದವರು ಚೆನ್ ಶುಯಿ-ಬಿಯನ್. ಜಾಗ ನಗರದ್ದು, ಖಾಸಗಿ ಕಂಪನಿಗಳ ಒಕ್ಕೂಟ ಅದನ್ನು 70 ವರ್ಷದ ಗುತ್ತಿಗೆಗೆ ಪಡೆದು, ತನ್ನ ಹಣದಿಂದ ಕಟ್ಟಿ, ನಡೆಸಿ, ಕೊನೆಗೆ ನಗರಕ್ಕೆ ಒಪ್ಪಿಸಬೇಕು ಎಂಬುದು ಕರಾರು. 1997ರಲ್ಲಿ ಒಪ್ಪಂದ ಕುದುರಿದ ಹೊತ್ತಿಗೇ ಏಷ್ಯಾದ ಹಣಕಾಸು ಬಿಕ್ಕಟ್ಟು ಆರಂಭವಾದದ್ದು ಕಾಲದ ಕುಚೇಷ್ಟೆ.

ಮೊದಲ ನಕ್ಷೆಯಲ್ಲಿ 101 ಇರಲಿಲ್ಲ. 66 ಅಂತಸ್ತಿನ ಒಂದು ಗೋಪುರ, ಅದರ ಪಕ್ಕಕ್ಕೆ 20 ಅಂತಸ್ತಿನ ಎರಡು ಎಂದು ಯೋಚಿಸಿದ್ದರು. ಬಾಡಿಗೆಗೆ ಬರಲಿದ್ದವರಿಗೆ ಒಂದೇ ದೊಡ್ಡ ಗೋಪುರದಲ್ಲಿರುವುದು ಇಷ್ಟವಾದ್ದರಿಂದ ಮೂರೂ ಒಂದಾದವು. ಒಂದಾದ ಮೇಲೆ ಇನ್ನೂ ಎತ್ತರಕ್ಕೆ ಹೋಗುವ ಆಸೆ ಹುಟ್ಟಿತು. ತಕರಾರು ಬಂದದ್ದು ವಿಮಾನಯಾನ ಇಲಾಖೆಯಿಂದ. ಕೆಲವೇ ಕಿಲೋಮೀಟರ್ ಆಚೆ ಊರೊಳಗಿನ ಸೋಂಗ್‌ಶಾನ್ ವಿಮಾನ ನಿಲ್ದಾಣವಿದ್ದು, ಇಷ್ಟೆತ್ತರದ ಕಟ್ಟಡ ವಿಮಾನಗಳ ದಾರಿಗೆ ಅಡ್ಡಿಯಾಗುತ್ತದೆ ಎಂಬ ವಾದ ಬಹಳ ಕಾಲ ನಡೆಯಿತು. ಪೂರ್ಣ ಎತ್ತರಕ್ಕೆ ಪರವಾನಗಿ ಸಿಕ್ಕಿದ್ದು 2001ರಲ್ಲಿ, ಕೆಲಸ ಭರದಿಂದ ನಡೆಯುತ್ತಿದ್ದಾಗ.

2002ರ ಮಾರ್ಚ್ 31ರಂದು ತೈವಾನಿನ ಪೂರ್ವ ಕರಾವಳಿಯಾಚೆ ತೀವ್ರ ಭೂಕಂಪವಾಯಿತು. ಗೋಪುರ ಆಗ 56ನೆಯ ಅಂತಸ್ತಿನ ಹತ್ತಿರ ಬಂದಿತ್ತು. ಮೇಲಿದ್ದ ಎರಡು ಕ್ರೇನುಗಳು ಕಳಚಿ ಬಿದ್ದು ಐವರು ಸತ್ತರು. ಅನಂತರದ ತಪಾಸಣೆಯಲ್ಲಿ ಚೌಕಟ್ಟಿಗೆ ಧಕ್ಕೆಯಾಗಿಲ್ಲವೆಂದು ಕಂಡುಬಂದು ಕೆಲಸ ಮುಂದುವರಿಯಿತು. 2003ರ ಜುಲೈಯಲ್ಲಿ ಚಾವಣಿ ಮುಗಿಯಿತು, ಅಕ್ಟೋಬರ್ 17ರಂದು ಶಿಖರ ಕೂತಿತು. ಉದ್ಘಾಟನೆಯ ಹೊತ್ತಿಗೆ ಚೆನ್ ಶುಯಿ-ಬಿಯನ್ ತೈವಾನಿನ ಅಧ್ಯಕ್ಷರಾಗಿದ್ದರು. ಮೇಯರ್ ಗಾದಿಯಲ್ಲಿದ್ದವರು ಎದುರು ಪಕ್ಷದ ಮಾ ಯಿಂಗ್-ಜೋ, ಅವರೂ ಮುಂದೆ ಅಧ್ಯಕ್ಷರಾದರು. ಬದ್ಧ ವಿರೋಧಿಗಳಾದ ಎರಡು ಪಕ್ಷಗಳೂ ತಮ್ಮದೆಂದು ಹೇಳಿಕೊಳ್ಳುವ ಕಟ್ಟಡ ತೈವಾನಿನಲ್ಲಿ ಅಪರೂಪ.

ನೆಲ

ತೈಪೆ ಬೆಟ್ಟಗಳ ನಡುವಿನ ತಗ್ಗಿನಲ್ಲಿದೆ. ಒಂದು ಕಾಲದಲ್ಲಿ ನೀರು ನಿಂತು ಸರೋವರವಾಗಿದ್ದ ಜಾಗವಾದ್ದರಿಂದ ಮೇಲ್ಪದರವೆಲ್ಲ ಮೆತ್ತನೆಯ ಜೇಡಿ ಮತ್ತು ಹೂಳು. ಇಂಥ ನೆಲ ದೂರದ ಭೂಕಂಪದ ನಿಧಾನ ಅಲೆಗಳನ್ನೂ ಹಿಗ್ಗಿಸಿ ಕಟ್ಟಡಕ್ಕೆ ಮುಟ್ಟಿಸುತ್ತದೆ. ದ್ವೀಪವೋ ಯೂರೇಷಿಯ ಮತ್ತು ಫಿಲಿಪೀನ್ ಸಮುದ್ರದ ಭೂಫಲಕಗಳು ಒಂದನ್ನೊಂದು ಒತ್ತುವ ಗಡಿಯಲ್ಲಿದೆ. 1999ರ ಸೆಪ್ಟೆಂಬರ್ 21ರ ನಸುಕಿನಲ್ಲಿ ನಡುತೈವಾನಿನಲ್ಲಿ ಆದ ಕಂಪನ 2,400ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕೇಂದ್ರದಿಂದ ಬಹುದೂರವಿದ್ದ ತೈಪೆಯಲ್ಲೂ ಒಂದು ಎತ್ತರದ ವಸತಿ ಕಟ್ಟಡ ಕುಸಿದಿತ್ತು. ತೈಪೆ 101ರ ಎಂಜಿನಿಯರುಗಳು ಎದುರಿಗಿಟ್ಟುಕೊಂಡದ್ದು ಈ ಅನುಭವವನ್ನು.

ಗೋಪುರದಡಿ 380 ಕಾಂಕ್ರೀಟ್ ಪೈಲುಗಳನ್ನು ಇಳಿಸಲಾಗಿದೆ. ಒಂದೊಂದರ ಅಡ್ಡಳತೆ ಒಂದೂವರೆ ಮೀಟರ್. ನೆಲಮಟ್ಟದಿಂದ 80 ಮೀಟರ್ ಆಳದವರೆಗೂ ಹೋಗುವ ಇವುಗಳ ಬುಡ ಬಂಡೆಯೊಳಗೆ 30 ಮೀಟರ್‌ವರೆಗೆ ಹೂತಿದೆ. ಮೇಲೆ ಹಲವು ಮೀಟರ್ ದಪ್ಪದ ಕಾಂಕ್ರೀಟ್ ಹಾಸು. ಅದರಿಂದ ಎಂಟು ಮಹಾಸ್ತಂಭಗಳು, ಪ್ರತಿ ಪಾರ್ಶ್ವಕ್ಕೆ ಎರಡರಂತೆ, ಎದ್ದು ಬರುತ್ತವೆ. ಉಕ್ಕಿನ ಪೆಟ್ಟಿಗೆಯಂತೆ ಬೆಸೆದ ಈ ಕಂಬಗಳು ಬುಡದಲ್ಲಿ 3 ಮೀಟರ್ ಉದ್ದ, 2.4 ಮೀಟರ್ ಅಗಲ. 62ನೆಯ ಅಂತಸ್ತಿನವರೆಗೆ ಇವುಗಳ ಹೊಟ್ಟೆಗೆ ಅತಿಬಲದ ಕಾಂಕ್ರೀಟ್ ತುಂಬಲಾಗಿದೆ. ನಡುವೆ, ಲಿಫ್ಟುಗಳ ಸುತ್ತ, 16 ಕಂಬಗಳ ಒಳಗೂಡು. ಒಳಗೂಡನ್ನೂ ಹೊರಗಿನ ಮಹಾಸ್ತಂಭಗಳನ್ನೂ ಸುಮಾರು ಎಂಟೆಂಟು ಅಂತಸ್ತಿಗೊಮ್ಮೆ ಭಾರೀ ಉಕ್ಕಿನ ಜಾಲರಿ ತೊಲೆಗಳು ಕಟ್ಟಿಹಾಕುತ್ತವೆ. ಗಾಳಿ ಒಂದು ಕಡೆಯಿಂದ ತಳ್ಳಿದರೆ ಒಳಗೂಡು ಬಾಗದಂತೆ ಹೊರಗಂಬಗಳು ಹಿಡಿಯುತ್ತವೆ.

ಬಿಗಿಯಾಗಿದ್ದಷ್ಟೂ ಗಾಳಿಗೆ ಒಳ್ಳೆಯದು. ಭೂಕಂಪಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಮುರಿಯದೆ ಬಳುಕುವ ಗುಣ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಸಾಧಿಸಿದ್ದೇ ಈ ಕಟ್ಟಡದ ನಿಜವಾದ ಜಾಣತನ. ಒಂದು ಉದಾಹರಣೆ ಸಾಕು. ಆಯಕಟ್ಟಿನ ತೊಲೆಗಳ ತುದಿಯ ಬಳಿ ಅಂಚುಗಳನ್ನು ಬೇಕೆಂದೇ ಕೊರೆದು ಸಣ್ಣದಾಗಿಸಿದ್ದಾರೆ. ಮಹಾಕಂಪನವಾದರೆ ತೊಲೆ ಅಲ್ಲೇ ಮಣಿದು ಶಕ್ತಿಯನ್ನು ಹೀರಿಕೊಳ್ಳಲಿ, ಕಂಬಕ್ಕೆ ಬೆಸೆದ ಕೀಲು ಸಿಡಿಯದಿರಲಿ ಎಂಬುದು ಲೆಕ್ಕಾಚಾರ. 2,500 ವರ್ಷಕ್ಕೊಮ್ಮೆ ಬರಬಹುದಾದ ಕಂಪನಕ್ಕೂ ಕುಸಿಯಬಾರದೆಂಬುದು ವಿನ್ಯಾಸದ ಗುರಿ. ರಚನೆಯ ಎಂಜಿನಿಯರಿಂಗ್ ತೈವಾನಿನ ಎವರ್‌ಗ್ರೀನ್ ಕನ್ಸಲ್ಟಿಂಗ್ ಮತ್ತು ನ್ಯೂಯಾರ್ಕಿನ ಥಾರ್ನ್‌ಟನ್ ಟೊಮಾಸೆಟ್ಟಿ ಸಂಸ್ಥೆಗಳದು.

2005ರಲ್ಲಿ ತೈವಾನಿನ ಭೂವಿಜ್ಞಾನಿಯೊಬ್ಬರು ತಲೆಕೆಳಗಾದ ಪ್ರಶ್ನೆಯೊಂದನ್ನು ಎತ್ತಿದರು: ಸುಮಾರು ಏಳು ಲಕ್ಷ ಟನ್ ತೂಕದ ಈ ಕಟ್ಟಡವೇ ಅಡಿಯ ಸ್ತರಭಂಗವನ್ನು ಒತ್ತಿ ಸಣ್ಣ ಕಂಪನಗಳನ್ನು ಎಬ್ಬಿಸುತ್ತಿರಬಹುದೇ? ಪತ್ರಿಕೆಗಳಿಗೆ ಹಬ್ಬವಾಯಿತು. ಇಂಥ ತೂಕದ ಪರಿಣಾಮ ಭೂಕಂಪಗಳು ಹುಟ್ಟುವ ಆಳದಲ್ಲಿ ನಗಣ್ಯ ಎಂದು ಇತರ ತಜ್ಞರು ಉತ್ತರಿಸಿದರು. ಆ ವಾದಕ್ಕೆ ಮುಂದೆ ಹೆಚ್ಚು ಬೆಂಬಲ ಸಿಗಲಿಲ್ಲ.

ಗಾಳಿ ಮತ್ತು ಗುಂಡು

ಬೇಸಿಗೆಯಿಂದ ಶರತ್ಕಾಲದವರೆಗೆ ತೈವಾನಿಗೆ ಟೈಫೂನುಗಳ ಕಾಟ. ಎತ್ತರದ ಕಟ್ಟಡಕ್ಕೆ ಗಾಳಿಯ ನೇರ ತಳ್ಳಾಟಕ್ಕಿಂತ ಅಪಾಯಕಾರಿಯಾದದ್ದು ಅದರ ಸುಳಿ. ಗಾಳಿ ಕಟ್ಟಡದ ಎರಡು ಮೂಲೆಗಳನ್ನು ಬಳಸಿ ಹೋಗುವಾಗ ಹಿಂಬದಿಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿಗಳು ಕಳಚಿಕೊಳ್ಳುತ್ತವೆ. ಪ್ರತಿ ಸುಳಿಯೂ ಕಟ್ಟಡವನ್ನು ಗಾಳಿಗೆ ಅಡ್ಡಲಾಗಿ ಒಂದಿಷ್ಟು ಎಳೆಯುತ್ತದೆ. ಈ ಎಳೆತದ ತಾಳ ಕಟ್ಟಡದ ಸಹಜ ತೂಗಾಟದ ತಾಳಕ್ಕೆ ಕೂಡಿಬಂದರೆ ತೂಗಾಟ ಬೆಳೆಯುತ್ತಲೇ ಹೋಗುತ್ತದೆ. ತೈಪೆ 101ರ ಸಹಜ ತಾಳ ಸುಮಾರು ಏಳು ಸೆಕೆಂಡಿಗೊಂದು.

ಮೊದಲ ಪರಿಹಾರ ಮೂಲೆಗಳಲ್ಲಿದೆ. ಮಾದರಿಯನ್ನು ಗಾಳಿ ಸುರಂಗದಲ್ಲಿಟ್ಟು ಪರೀಕ್ಷಿಸಿದಾಗ ಸಾದಾ ಚೌಕ ಮೂಲೆಗಳ ಮೇಲೆ ಬರುವ ಒತ್ತಡ ತೀರ ಹೆಚ್ಚಾಗಿ ಕಂಡಿತು. ಮೂಲೆಯನ್ನು ಮೆಟ್ಟಿಲಿನಂತೆ ಒಳಕ್ಕೆ ಕತ್ತರಿಸಿದಾಗ ಸುಳಿಗಳು ಚೆದುರಿ, ಬುಡಕ್ಕೆ ಬೀಳುವ ಭಾರ ಕಾಲುಭಾಗದಷ್ಟು ಇಳಿಯಿತು. ದೂರದಿಂದ ಅಲಂಕಾರವೆಂದು ತೋರುವ ಆ ಹಲ್ಲುಗಳು ಹಾಗೆ ಬಂದವು.

ಎರಡನೆಯದು ಪ್ರಸಿದ್ಧವಾದ ಗುಂಡು. 92ನೆಯ ಅಂತಸ್ತಿನಿಂದ ಉಕ್ಕಿನ ಹಗ್ಗಗಳಲ್ಲಿ ಇಳಿಬಿಟ್ಟ, 87ನೆಯ ಅಂತಸ್ತಿನ ಬಳಿ ತೂಗುವ 660 ಟನ್ ತೂಕದ ಲೋಲಕ. ವ್ಯಾಸ ಐದೂವರೆ ಮೀಟರ್. ಅಷ್ಟು ಭಾರವನ್ನು ಇಡಿಯಾಗಿ ಎತ್ತಬಲ್ಲ ಕ್ರೇನ್ ಇರಲಿಲ್ಲವಾದ್ದರಿಂದ 12.5 ಸೆಂಟಿಮೀಟರ್ ದಪ್ಪದ 41 ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಸಾಗಿಸಿ, ಒಂದರ ಮೇಲೊಂದಿಟ್ಟು ಅಲ್ಲೇ ಬೆಸೆದರು. ಹತ್ತಿರದಿಂದ ನೋಡಿದರೆ ಪದರಗಳು ಎದ್ದು ಕಾಣುತ್ತವೆ. ಅದು ಕೆಲಸ ಮಾಡುವ ರೀತಿ ಸರಳ. ಉಯ್ಯಾಲೆ ಹಿಂದಕ್ಕೆ ಬರುತ್ತಿರುವಾಗಲೇ ಮುಂದಕ್ಕೆ ನೂಕಿದರೆ ಅದರ ವೇಗ ಸೋರಿಹೋಗುತ್ತದಲ್ಲವೆ? ಕಟ್ಟಡ ಒಂದು ಬದಿಗೆ ವಾಲುವಾಗ ಗುಂಡು ತನ್ನ ಜಡತ್ವದಿಂದ ಹಿಂದುಳಿಯುತ್ತದೆ. ಗುಂಡಿನ ತಾಳವನ್ನು ಕಟ್ಟಡದ ತಾಳಕ್ಕೆ ಹೊಂದಿಸಿರುವುದರಿಂದ ಇದು ಪ್ರತಿ ಸಲವೂ ಹೊತ್ತಿಗೆ ಸರಿಯಾಗಿ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಆ ಚಲನೆಯ ಶಕ್ತಿಯನ್ನು ಗುಂಡಿನಡಿ ಸುತ್ತ ಜೋಡಿಸಿದ ಎಣ್ಣೆ ತುಂಬಿದ ಎಂಟು ಕೊಳವೆಗಳು ಶಾಖವಾಗಿ ಕರಗಿಸುತ್ತವೆ. ಮೋಟರು ಬೇಡ, ವಿದ್ಯುತ್ತು ಬೇಡ. ತೂಗಾಟ ಶೇಕಡ 40ರವರೆಗೆ ತಗ್ಗುತ್ತದೆ.

ಇಲ್ಲೊಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಪ್ರವಾಸಿ ಬರಹಗಳಲ್ಲಿ ಗುಂಡು ಕಟ್ಟಡವನ್ನು ಭೂಕಂಪದಿಂದ ಕಾಪಾಡುತ್ತದೆ ಎಂದು ಓದುತ್ತೇವೆ. ಅದನ್ನು ತೂಗುಹಾಕಿದ್ದು ಮುಖ್ಯವಾಗಿ ಗಾಳಿಗಾಗಿ, ಅದರಲ್ಲೂ ಮೇಲಿನ ಕಚೇರಿಗಳಲ್ಲಿ ಕೂತವರಿಗೆ ತಲೆ ಸುತ್ತದಿರಲಿ ಎಂದು. ಗುಂಡಿಲ್ಲದಿದ್ದರೂ ಕಟ್ಟಡ ಬೀಳುವುದಿಲ್ಲ, ಬಾಡಿಗೆದಾರರು ಬಿಟ್ಟುಹೋಗಬಹುದು. ಭೂಕಂಪಕ್ಕೆ ಉತ್ತರ ಹೇಳುವುದು ಹಿಂದೆ ವಿವರಿಸಿದ ಚೌಕಟ್ಟು. ಜೋರಾದ ಕಂಪನದಲ್ಲಿ ಗುಂಡೇ ಅತ್ತಿತ್ತ ಅಪ್ಪಳಿಸದಂತೆ ಅದರ ಸುತ್ತ ತಡೆಯುಂಗುರವೊಂದನ್ನು ಇಟ್ಟಿದ್ದಾರೆ. 2015ರ ಆಗಸ್ಟ್ 8ರಂದು ಸೌಡೆಲೋರ್ ಟೈಫೂನ್ ಬಡಿದಾಗ ಗುಂಡು ತನ್ನ ನೆಲೆಯಿಂದ ಒಂದು ಮೀಟರಿನಷ್ಟು ಸರಿದು ತೂಗಿದ ದೃಶ್ಯ ಕ್ಯಾಮೆರಾದಲ್ಲಿ ಸೆರೆಯಾಗಿ ಲೋಕವೆಲ್ಲ ಸುತ್ತಿತು.

ಬೇರೆ ಗೋಪುರಗಳಲ್ಲಿ ಇಂಥ ಭಾರಗಳನ್ನು ಯಂತ್ರಗಳ ಕೋಣೆಯಲ್ಲಿ ಕಣ್ಣಿಗೆ ಬೀಳದಂತೆ ಇಡುವುದೇ ರೂಢಿ. ಇಲ್ಲಿ ಅದಕ್ಕೆ ಚಿನ್ನದ ಬಣ್ಣ ಹಚ್ಚಿ, ಸುತ್ತ ನಾಲ್ಕೈದು ಅಂತಸ್ತು ತೆರವು ಬಿಟ್ಟು, ಎದುರಿಗೆ ಕಟಕಟೆ ಹಾಕಿದರು. ಬಾಡಿಗೆಗೆ ಕೊಡಬಹುದಾಗಿದ್ದ ಅತಿ ದುಬಾರಿ ಜಾಗವನ್ನು ಹೀಗೆ ಬಿಟ್ಟುಕೊಟ್ಟದ್ದು ಲಾಭದ ವ್ಯವಹಾರವೇ ಆಯಿತು. ದುಂಡು ಮುಖದ ‘ಡ್ಯಾಂಪರ್ ಬೇಬಿ’ ಗೊಂಬೆಗಳು ಇದರ ಗುರುತಾಗಿ ಅಂಗಡಿ ತುಂಬ ಮಾರಾಟಕ್ಕಿವೆ. ಎಂಜಿನಿಯರಿಂಗ್ ಸಾಧನವೊಂದು ಮಕ್ಕಳ ಆಟಿಕೆಯಾದದ್ದು ಬೇರೆಲ್ಲಾದರೂ ಇದ್ದರೆ ತೀರ ವಿರಳ.

ರೂಪ

ಮೊದಲ 25 ಅಂತಸ್ತು ಮೇಲೆ ಹೋದಂತೆ ಕಿರಿದಾಗುವ ಪಿರಮಿಡ್. ಅದರ ಮೇಲೆ ಎಂಟು ಘಟಕಗಳು, ಒಂದೊಂದರಲ್ಲಿ ಎಂಟು ಅಂತಸ್ತು; ಪ್ರತಿಯೊಂದೂ ಮೇಲಕ್ಕೆ ಅರಳಿ, ಮುಂದಿನದಕ್ಕೆ ಮತ್ತೆ ಕುಗ್ಗಿ ಶುರುವಾಗುತ್ತದೆ. ಬೌದ್ಧ ಪಗೋಡವನ್ನೂ ಗೆಣ್ಣು ಗೆಣ್ಣಾಗಿ ಬೆಳೆಯುವ ಬಿದಿರನ್ನೂ ನೆನಪಿಸಬೇಕೆಂದು ಲೀ ಹೀಗೆ ಮಾಡಿದರು. ಚೀನೀ ನಂಬಿಕೆಯಲ್ಲಿ 8 ಸಂಪತ್ತಿನ ಸಂಖ್ಯೆ. 4 ಅಶುಭವಾದ್ದರಿಂದ 44 ಎಂಬ ಅಂತಸ್ತೇ ಇಲ್ಲ: 42 ಆದ ಮೇಲೆ 42ಎ, ಆಮೇಲೆ 43, ನೇರವಾಗಿ 45. ಪಿರಮಿಡ್ ಮುಗಿಯುವಲ್ಲಿ ನಾಲ್ಕು ಕಡೆಗೂ ಹಳೆಯ ನಾಣ್ಯದ ಆಕಾರದ ಭಾರೀ ಬಿಲ್ಲೆಗಳಿವೆ, ಮೂಲೆಗಳಲ್ಲಿ ‘ರೂಯಿ’ ಎಂಬ ಮಂಗಳ ಚಿಹ್ನೆಗಳು. ಪ್ರಿನ್ಸ್‌ಟನ್ನಿನಲ್ಲಿ ಓದಿ ಅಮೆರಿಕದಲ್ಲಿ ಕೆಲಸ ಮಾಡಿ ಮರಳಿದ ಲೀ ಗಾಜಿನ ಪೆಟ್ಟಿಗೆಗಳಿಗೆ ಚೀನೀ ಮೈಕಟ್ಟು ಕೊಡಲು ಬಯಸಿದವರು. ದಕ್ಷಿಣದ ಕಾವೋಶಿಯುಂಗ್ ನಗರದ 85 ಅಂತಸ್ತಿನ ಗೋಪುರವೂ ಅವರದೇ. ಟೀಕಾಕಾರರು ಇದನ್ನು ಅತಿ ಅಲಂಕಾರ, ಒಂದರ ಮೇಲೊಂದಿಟ್ಟ ಊಟದ ಪೊಟ್ಟಣಗಳು ಎಂದದ್ದುಂಟು. ನಾಣ್ಯದ ಬಿಲ್ಲೆಗಳ ಮಟ್ಟಿಗೆ ಆ ಟೀಕೆ ಸರಿಯೆಂದೇ ಹೇಳಬೇಕು. ಆದರೆ ದೂರದಿಂದ ಒಂದೇ ನೋಟಕ್ಕೆ ಗುರುತು ಸಿಗುವ ಗೋಪುರಗಳು ಜಗತ್ತಿನಲ್ಲಿ ಹೆಚ್ಚಿಲ್ಲ, ಇದು ಆ ಪೈಕಿಯದು.

ಗಾಜು ಹಸಿರು ಛಾಯೆಯದು, ಎರಡು ಪದರದ್ದು, ಬಿಸಿಲಿನ ಶಾಖವನ್ನು ಬಹಳಷ್ಟು ಹೊರಗೇ ತಡೆಯುತ್ತದೆ. ರಾತ್ರಿ ಶಿಖರಕ್ಕೆ ವಾರದ ದಿನಕ್ಕೊಂದು ಬಣ್ಣ: ಸೋಮವಾರ ಕೆಂಪು, ಮಂಗಳವಾರ ಕಿತ್ತಳೆ, ಹೀಗೆ ಭಾನುವಾರದ ನೇರಳೆಯವರೆಗೆ ಕಾಮನಬಿಲ್ಲಿನ ಕ್ರಮದಲ್ಲಿ.

ಒಳಗಿನ ಓಡಾಟ

ಐದನೆಯ ಅಂತಸ್ತಿನಿಂದ 89ನೆಯ ಅಂತಸ್ತಿನ ವೀಕ್ಷಣಾಲಯಕ್ಕೆ ತೋಷಿಬಾ ಲಿಫ್ಟು 37 ಸೆಕೆಂಡಿನಲ್ಲಿ ಮುಟ್ಟಿಸುತ್ತದೆ. ನಿಮಿಷಕ್ಕೆ 1,010 ಮೀಟರ್ ವೇಗ. ಶಾಂಘೈ ಗೋಪುರದ ಲಿಫ್ಟು ಬರುವವರೆಗೆ ಇದೇ ದಾಖಲೆ. ಕಿವಿ ಕಟ್ಟದಂತೆ ಪೆಟ್ಟಿಗೆಯೊಳಗಿನ ಗಾಳಿಯ ಒತ್ತಡವನ್ನು ನಿಯಂತ್ರಿಸುವ ವ್ಯವಸ್ಥೆಯಿದೆ. ಕಚೇರಿಗಳವರು ಹತ್ತುವುದು ಬೇರೆ ಲಿಫ್ಟುಗಳನ್ನು. ಅವು ಜೋಡಿ ಪೆಟ್ಟಿಗೆಯವು, ಒಂದರ ಮೇಲೊಂದು, ಒಮ್ಮೆಗೇ ಎರಡು ಅಂತಸ್ತಿನ ಜನರನ್ನು ಹತ್ತಿಸಿಕೊಳ್ಳುತ್ತವೆ. 35-36 ಮತ್ತು 59-60ನೆಯ ಅಂತಸ್ತುಗಳಲ್ಲಿ ಇಳಿದು ಇನ್ನೊಂದಕ್ಕೆ ಬದಲಾಯಿಸಬೇಕು. ಇಲ್ಲವಾದರೆ ಗೋಪುರದ ಹೊಟ್ಟೆಯೆಲ್ಲ ಲಿಫ್ಟಿನ ಬಾವಿಗಳಿಂದಲೇ ತುಂಬಿಹೋಗುತ್ತಿತ್ತು.

ಬುಡದ ಮಾಲ್ ಗೋಪುರಕ್ಕಿಂತ ಒಂದು ವರ್ಷ ಮೊದಲೇ, 2003ರ ನವೆಂಬರಿನಲ್ಲಿ, ತೆರೆಯಿತು. ಈ ಮುಂದು-ಹಿಂದು ಆಕಸ್ಮಿಕವಲ್ಲ. ನೂರು ಅಂತಸ್ತಿನ ಕಚೇರಿ ತುಂಬಲು ವರ್ಷಗಳೇ ಹಿಡಿಯುತ್ತವೆ, ಅಂಗಡಿ ಬಾಗಿಲು ತೆಗೆದ ದಿನದಿಂದಲೇ ಹಣ ತರುತ್ತದೆ. ಸುಮಾರು 77,000 ಚದರ ಮೀಟರಿನ ಈ ಮಾಲಿನ ಮೇಲಂತಸ್ತುಗಳಲ್ಲಿ ಯುರೋಪಿನ ದುಬಾರಿ ಕೈಚೀಲ, ಗಡಿಯಾರಗಳ ಅಂಗಡಿಗಳು. ನೆಲದಡಿಯಲ್ಲಿ ನೂಡಲ್, ಅನ್ನದ ಊಟದ ಸಾಲುಗಳು ಮತ್ತು ಕಡುಬಿಗೆ ಹೆಸರಾದ ದಿನ್ ತೈ ಫುಂಗ್ ಹೋಟೆಲಿನ ಶಾಖೆ. ಮಧ್ಯಾಹ್ನ ಹನ್ನೆರಡಕ್ಕೆ ಮೇಲಿನ ಕಚೇರಿಯವರೂ ಪ್ರವಾಸಿಗಳೂ ಸೇರುವುದು ನೆಲದಡಿಯಲ್ಲೇ. ಆಪಲ್ ತೈವಾನಿನಲ್ಲಿ ತನ್ನ ಮೊದಲ ಅಂಗಡಿ ತೆರೆದದ್ದು ಈ ಮಾಲಿನಲ್ಲಿ, 2017ರಲ್ಲಿ.

ಕಚೇರಿಗಳಲ್ಲಿ ತೈವಾನ್ ಷೇರು ವಿನಿಮಯ ಕೇಂದ್ರ ಆರಂಭದಿಂದಲೂ ಇದೆ, ಗೂಗಲ್ ಸಹ ಬಹುಕಾಲ ಇಲ್ಲಿತ್ತು. ಏಷ್ಯಾದ ಹಣಕಾಸು ರಾಜಧಾನಿಯಾಗುವ ಕನಸನ್ನು ಹಾಂಗ್‌ಕಾಂಗ್, ಸಿಂಗಪುರಗಳು ತೈಪೆಗೆ ಬಿಟ್ಟುಕೊಡಲಿಲ್ಲ. ಕಟ್ಟಡದ ಒಡೆತನವೂ ಕೈ ಬದಲಾಯಿಸುತ್ತ ಬಂದಿದೆ. ಆಹಾರೋದ್ಯಮದ ತಿಂಗ್ ಶಿನ್ ಸಮೂಹ 2009ರಲ್ಲಿ ಶೇಕಡ 37ರಷ್ಟು ಪಾಲು ಕೊಂಡಿತು. 2014ರಲ್ಲಿ ಅಡುಗೆ ಎಣ್ಣೆಯ ಹಗರಣದಲ್ಲಿ ಸಿಲುಕಿ ಜನರ ಬಹಿಷ್ಕಾರಕ್ಕೆ ಗುರಿಯಾದ ಸಮೂಹ ಪಾಲನ್ನು ಮಾರಲು ಹೊರಟಿತು. 2018ರಲ್ಲಿ ಅದು ಜಪಾನಿನ ಇತೋಚು ಕಂಪನಿಯ ಪಾಲಾಯಿತು.

ನೀರು, ದೀಪ, ಹವಾನಿಯಂತ್ರಣಗಳ ಖರ್ಚನ್ನು ಇಳಿಸಿ 2011ರಲ್ಲಿ ಕಟ್ಟಡ ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ಲೀಡ್ ಪ್ಲಾಟಿನಂ ಪ್ರಮಾಣಪತ್ರ ಪಡೆಯಿತು. ಆ ಹೊತ್ತಿಗೆ ಅಷ್ಟು ಎತ್ತರದ ಬೇರಾವ ಕಟ್ಟಡಕ್ಕೂ ಅದು ಸಿಕ್ಕಿರಲಿಲ್ಲ.

ಹತ್ತಿದವರು, ಹಾರಿದವರು

ಉದ್ಘಾಟನೆಗೆ ಒಂದು ವಾರ ಮುಂಚೆ, 2004ರ ಕ್ರಿಸ್‌ಮಸ್ ದಿನ, ಫ್ರಾನ್ಸಿನ ಅಲೇನ್ ರೊಬೇರ್ ಮಳೆಯಲ್ಲೇ ಹೊರಗೋಡೆಯನ್ನು ಸುಮಾರು ನಾಲ್ಕು ಗಂಟೆಯಲ್ಲಿ ಹತ್ತಿದರು. ಹಲವೆಡೆ ಕದ್ದು ಹತ್ತಿ ಪೊಲೀಸರ ಕೈಗೆ ಸಿಕ್ಕ ಈತನಿಗೆ ಇಲ್ಲಿ ಆಡಳಿತದ ಆಹ್ವಾನವೇ ಇತ್ತು. 2007ರ ಡಿಸೆಂಬರಿನಲ್ಲಿ ಆಸ್ಟ್ರಿಯದ ಫೆಲಿಕ್ಸ್ ಬೌಮ್‌ಗಾರ್ಟ್‌ನರ್ ಅನುಮತಿಯಿಲ್ಲದೆ 91ನೆಯ ಅಂತಸ್ತಿನ ಬಯಲು ವೀಕ್ಷಣಾ ಕಟ್ಟೆಯಿಂದ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿದರು. ಒಳಗಿನಿಂದ ಹತ್ತುವವರಿಗೆ ಮೆಟ್ಟಿಲೋಟದ ಸ್ಪರ್ಧೆಯಿದೆ: 91 ಅಂತಸ್ತು, 2,046 ಮೆಟ್ಟಿಲು. 2005ರ ಮೊದಲ ಸ್ಪರ್ಧೆಯನ್ನು ಆಸ್ಟ್ರೇಲಿಯದ ಪಾಲ್ ಕ್ರೇಕ್ 10 ನಿಮಿಷ 29 ಸೆಕೆಂಡಿನಲ್ಲಿ ಮುಗಿಸಿದರು.

ಉದ್ಘಾಟನೆಯ ರಾತ್ರಿಯಿಂದ ಹೊಸ ವರ್ಷದ ಪಟಾಕಿ ಗೋಪುರದ ಮೈಮೇಲಿಂದಲೇ ಸಿಡಿಯುತ್ತದೆ. ಕೆಲವೇ ನಿಮಿಷದ ಆಟಕ್ಕಾಗಿ ಶಿನ್‌ಯಿಯ ರಸ್ತೆಗಳಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ವಾಹನ ಸಂಚಾರ ಬಂದ್ ಆಗುತ್ತದೆ, ಮೆಟ್ರೊ ಡಿಸೆಂಬರ್ 31ರ ಬೆಳಗ್ಗೆ ಶುರುವಾದರೆ ಜನವರಿ 1ರ ನಡುರಾತ್ರಿಯವರೆಗೆ, 42 ಗಂಟೆ, ನಿಲ್ಲದೆ ಓಡುತ್ತದೆ.